ನಿಂತಲ್ಲೇ ಸಾಯುವ ಟೈರುಗಳು

ದೊಡ್ಡೇರಿ ಹೋಬಳಿಯ ಯಾವ ಊರಿಗೆ ಹೋದರೂ ಕಣದ ಅಂಚಿನಲ್ಲಿ ಮೂತಿ ನೆಲಕ್ಕೂರಿ ನಿಂತ ಟ್ರೈಲರ್ ಒಂದು ಕಣ್ಣಿಗೆ ಬೀಳುತ್ತದೆ. ಅಡಿಕೆ ಕೊಯ್ಲು, ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಇಷ್ಟಕ್ಕೆ ವರ್ಷದಲ್ಲಿ ಕೆಲವು ವಾರ ಓಡುತ್ತದೆ. ಉಳಿದ ಕಾಲವೆಲ್ಲ ಬಿಸಿಲಿನಲ್ಲಿ ನಿಂತಿರುತ್ತದೆ. ಟೈರು ಬೇಗ ಹೋಯಿತೆಂದರೆ ಮಾತ್ರ ನಾವು ದೂರುವುದು ರಸ್ತೆಯನ್ನು, ಇಲ್ಲವೆ ಕಂಪನಿಯನ್ನು. ನಮ್ಮ ಅಭಿಪ್ರಾಯ ಬೇರೆ. ಸಣ್ಣ ಹಿಡುವಳಿದಾರನ ಟ್ರೈಲರ್ ಟೈರು ಓಡಿ ಸವೆಯುವುದಕ್ಕಿಂತ ಹೆಚ್ಚಾಗಿ ನಿಂತು ಕೆಡುತ್ತದೆ.

ಬಗ್ಗಿ ಟೈರಿನ ಪಕ್ಕೆಯನ್ನು ನೋಡಿದರೆ ಇದು ತಿಳಿಯುತ್ತದೆ. ನೆಲ ಮುಟ್ಟುವ ಭಾಗದ ಅಚ್ಚು ಇನ್ನೂ ಎದ್ದು ಕಾಣುತ್ತಿದ್ದರೂ ಪಕ್ಕೆಯಲ್ಲಿ ಒಣಗಿದ ಕೆರೆಯಂಗಳದಂತೆ ಬಿರುಕು. ಬಿಸಿಲು ರಬ್ಬರನ್ನು ಒರಟು ಮಾಡುತ್ತದೆ. ಗಾಳಿಯಲ್ಲಿರುವ ಓಝೋನ್ ಎಂಬ ಅನಿಲ ಎಳೆದು ನಿಂತ ರಬ್ಬರನ್ನೇ ಹುಡುಕಿ ಸೀಳುತ್ತದೆ. ಗಾಳಿ ಇಳಿದ ಟೈರಿನ ಮೇಲೆ ಹೇರು ಕೂತರೆ ಪಕ್ಕೆ ಉಬ್ಬಿ, ಎಳೆದುಕೊಂಡೇ ಇರುತ್ತದೆ. ನಾಳೆ ಇಳಿಸೋಣವೆಂದು ಗೊಬ್ಬರದ ಹೇರನ್ನು ಹದಿನೈದು ದಿನ ಬಿಡುವವರು ಇದನ್ನು ಗಮನಿಸಬೇಕು. ಸವೆದ ಟೈರಿಗೆ ರೀಟ್ರೆಡ್ ಮಾಡಿಸಿ ಇನ್ನೊಂದು ಬಾಳು ಕೊಡಬಹುದು. ಪಕ್ಕೆ ಸೀಳಿದ್ದಕ್ಕೆ ಗುಜರಿಯೇ ಗತಿ.

ಮಾಡು ಕಟ್ಟಲು ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಚಕ್ರದ ಮೇಲೆ ನೆರಳು ಬೀಳಲು ತೋಟದಲ್ಲಿ ಬಿದ್ದ ಸೋಗೆ, ತೆಂಗಿನ ಗರಿ, ಹಳೆಯ ಗೋಣಿಚೀಲ ಸಾಕು. ತಿಂಗಳುಗಟ್ಟಲೆ ಕೆಲಸವಿಲ್ಲವೆಂದರೆ ಜಾಕಿ ಕೊಟ್ಟು ಅಚ್ಚಿನ ಕೆಳಗೆ ಭದ್ರವಾಗಿ ಕಲ್ಲೋ ಮರದ ದಿಮ್ಮಿಯೋ ಇಟ್ಟು, ಚಕ್ರ ನೆಲ ಬಿಡುವಂತೆ ಮಾಡಿ, ಗಾಳಿಯನ್ನು ಸ್ವಲ್ಪ ಇಳಿಸಿ, ಪೂರ್ತಿ ತೆಗೆಯಬಾರದು. ಅದೂ ಆಗದಿದ್ದರೆ ಹೇರು ಇಳಿಸಿ, ಗಾಳಿ ತುಂಬಿಸಿ, ತಿಂಗಳಿಗೊಮ್ಮೆ ಅರ್ಧ ಸುತ್ತು ಉರುಳಿಸಿದರೂ ಆಯಿತು.

ಸ್ಟೆಪ್ನಿಯನ್ನು ಪಂಪ್‌ಹೌಸಿನಲ್ಲಿಡುವ ರೂಢಿ ನಮ್ಮಲ್ಲಿದೆ. ನೆರಳಿರುವುದು ನಿಜ. ಆದರೆ ಸ್ಟಾರ್ಟರಿನ ಕಿಡಿಯಿಂದಲೂ ಓಝೋನ್ ಹುಟ್ಟುತ್ತದೆ. ಪಕ್ಕದಲ್ಲೇ ಡೀಸೆಲ್, ಗ್ರೀಸು, ಗೊಬ್ಬರದ ಮೂಟೆ. ಹೊಳಪು ಬರಲೆಂದು ಸುಟ್ಟ ಎಂಜಿನ್ ಆಯಿಲ್ ಬಳಿಯುವವರಂತೂ ಕೈಯಾರೆ ರಬ್ಬರನ್ನು ಕೊಲ್ಲುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ ಬಂಧುಗಳಿಗೆ ನಮ್ಮಷ್ಟು ಬಿಸಿಲಿನ ಕಾಟವಿಲ್ಲ. ಅವರು ಎಚ್ಚರ ವಹಿಸಬೇಕಾದದ್ದು ಬೋರ್ಡೋ ದ್ರಾವಣದ ಬಗ್ಗೆ. ಮೈಲುತುತ್ತದ ತಾಮ್ರ ರಬ್ಬರಿಗೂ ರಿಮ್ಮಿಗೂ ಶತ್ರು. ಸಿಂಪರಣೆಯ ಡ್ರಮ್ಮು ಸಾಗಿಸಿದ ದಿನವೇ ಚಕ್ರಗಳನ್ನು ನೀರಿನಿಂದ ತೊಳೆಯುವುದು ಒಳ್ಳೆಯದು.

ಗಾಳಿಯ ವಿಚಾರ ಎಲ್ಲಕ್ಕಿಂತ ದೊಡ್ಡದು. ಕಾಲಿನಿಂದ ಒದ್ದು ನೋಡಿ ‘ಸರಿಯಿದೆ’ ಎನ್ನುವುದು ಅಳತೆಯಲ್ಲ. ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿದ್ದಾಗ ಮಾಪಕದಲ್ಲಿ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಆಗ ಗಾಳಿ ಬಿಟ್ಟರೆ ಮರುದಿನ ಕಡಿಮೆಯಾಗಿರುತ್ತದೆ, ಪಕ್ಕೆ ಮಡಿಚಿ ಮಡಿಚಿ ಒಳಗೇ ಬೇಯುತ್ತದೆ. ಹಸಿ ಕೆರೆಗೋಡು ಒಣ ಮಣ್ಣಿಗಿಂತ ಬಹಳ ಭಾರ ಎಂಬುದನ್ನೂ ಮರೆಯಬಾರದು. ಬಳ್ಳಾರಿ ಜಾಲಿಯ ಮುಳ್ಳು ಸಣ್ಣಗೆ ಗಾಳಿ ಇಳಿಸುವ ಕೆರೆಯಂಗಳದಲ್ಲಿ ಇದು ಎರಡು ಪಟ್ಟು ಅಪಾಯ.

ಏಕೆಂದರೆ ಸಂಜೆ ಅದೇ ಟ್ರೈಲರಿನಲ್ಲಿ ಕೂಲಿಯ ಹೆಣ್ಣುಮಕ್ಕಳು ಕೂತು ಊರಿಗೆ ಬರುತ್ತಾರೆ. ಹೇರಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ, ಅನಾಹುತವಾದರೆ ವಿಮೆಯ ಹಣವೂ ಖಾತರಿಯಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೂ ನಡೆದಿದೆ. ಬಿರುಕು ಬಿಟ್ಟ ಟೈರಿನ ಲೆಕ್ಕವನ್ನು ಬರೀ ರೂಪಾಯಿಯಲ್ಲಿ ಹಾಕುವವರು ಈ ಸಂಜೆಯ ಹೊತ್ತನ್ನು ನೆನೆಯಬೇಕು.

ಕೊಳ್ಳುವಾಗಲೂ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ. 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲೇ ವರ್ಷಗಟ್ಟಲೆ ಮುದಿಯಾದ ಮಾಲನ್ನು ಹೊಸದರ ಬೆಲೆಗೆ ಕೊಳ್ಳಬೇಕಿಲ್ಲ.

ಸಂಘಗಳು ಗೊಬ್ಬರದ ಗೋದಾಮಿನಲ್ಲಿ ಒಂದು ಗಾಳಿ ಯಂತ್ರ, ಒಂದು ಒಳ್ಳೆಯ ಮಾಪಕ ಇಟ್ಟರೆ ದೊಡ್ಡ ಖರ್ಚೇನಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಬೇಡಿಕೆಯನ್ನು ಸದಸ್ಯರೇ ಎತ್ತಲಿ.