ಬಾಟಲಿ ಯಾರಿಗೆ ತಂದಿರಿ?

ಡಿಸೆಂಬರ್ ಎರಡನೇ ವಾರ ದಾಟಿದರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಬರತೊಡಗುತ್ತದೆ: ‘ಕ್ರಿಸ್‌ಮಸ್ ಊಟಕ್ಕೆ ಬರ್ತಿದ್ದೀವಿ ಮೇಡಂ, ಯಾವ ವೈನ್ ತರೋಣ?’ ಕೇಳುವವರು ಬ್ಯಾಂಕಿನಲ್ಲಿ ನನ್ನ ಜೊತೆ ಕೆಲಸ ಮಾಡಿದವರು, ಅಪಾರ್ಟ್‌ಮೆಂಟಿನ ನೆರೆಯವರು, ಮಗಳ ಗೆಳತಿಯರು. ಕ್ರೈಸ್ತರ ಮನೆಯ ಹಬ್ಬಕ್ಕೆ ವೈನ್ ಇಲ್ಲದೆ ಹೋಗಬಾರದೆಂದು ಇವರಿಗೆಲ್ಲ ಯಾರು ಹೇಳಿಕೊಟ್ಟರೋ ಕಾಣೆ. ಕೇಳದೆಯೇ ತರುವವರೂ ಇದ್ದಾರೆ. ಅಂಗಡಿಯಲ್ಲಿ ನಿಂತಾಗ ಅವರ ಮನಸ್ಸಿನಲ್ಲಿ ಯಾರಿದ್ದರು ಎಂಬುದನ್ನು ಆ ಬಾಟಲಿಯೇ ಹೇಳಿಬಿಡುತ್ತದೆ. ಬಹಳ ಸಲ ಅದು ನಾನಲ್ಲ, ಊಟದ ಮೇಜಿನ ಸುತ್ತ ಕೂತು ಲೇಬಲ್ ಓದುವ ಉಳಿದ ಅತಿಥಿಗಳು.

ನನ್ನ ವಾದ ಸರಳ. ಹಬ್ಬದ ಮನೆಗೆ ಒಯ್ಯುವ ಬಾಟಲಿ ಬೆಳಗಿನಿಂದ ಒಲೆ ಮುಂದೆ ನಿಂತವಳಿಗೆ ಸಲ್ಲಬೇಕು. ಅದು ಅವಳ ಅಡುಗೆಗೆ ಹೊಂದಬೇಕು, ಅವಳ ಕೆಲಸ ಹೆಚ್ಚಿಸಬಾರದು, ಅವಳ ತಲೆಯ ಮೇಲೆ ಋಣ ಹೊರಿಸಬಾರದು. ಈ ಮೂರನ್ನು ಬಿಟ್ಟು ಮಾಡುವ ಆಯ್ಕೆ ಎಷ್ಟೇ ಜಾಣತನದ್ದಾದರೂ ಉಡುಗೊರೆ ಅನ್ನಿಸಿಕೊಳ್ಳುವುದಿಲ್ಲ.

ಮೊದಲು ಅಡುಗೆಯ ಮಾತು. ನಾನು ಮಂಗಳೂರಿನವಳು, ಬೆಂಗಳೂರಿನಲ್ಲಿ ಅರ್ಧ ಆಯುಷ್ಯ ಕಳೆದಿದ್ದೇನೆ. ಆದರೆ 25ರ ಮಧ್ಯಾಹ್ನ ನನ್ನ ಮೇಜಿನ ಮೇಲೆ ಊರಿನದ್ದೇ ಊಟ: ಹಂದಿಮಾಂಸದ ಬಫಾತ್, ಕೋಳಿ ಸುಕ್ಕ, ಸನ್ನ, ಪುಲಾವ್. ಬಫಾತ್ ಪುಡಿಯಲ್ಲಿ ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಲವಂಗ, ದಾಲ್ಚಿನ್ನಿ ಎಲ್ಲ ಇರುತ್ತದೆ. ಮೇಲೆ ವಿನೆಗರಿನ ಹುಳಿ. ಈ ಊಟಕ್ಕೆ ನೆಂಟರು ತರುವುದು ಸಾಮಾನ್ಯವಾಗಿ ಓಕ್ ಪೀಪಾಯಿಯಲ್ಲಿ ಹಣ್ಣಾದ ಕ್ಯಾಬರ್ನೆ ಸೋವಿನ್ಯೊನ್ ಅಥವಾ ಶಿರಾಜ್. ಕೆಂಪು ವೈನ್ ಎಂದರೆ ಗಂಭೀರ, ಬಿಳಿ ಎಂದರೆ ಹಗುರ ಎಂಬ ನಂಬಿಕೆ. ಮೆಣಸಿನ ಕ್ಯಾಪ್ಸೈಸಿನ್ ನಾಲಿಗೆಯ ಯಾವ ನರಗಳನ್ನು ಕೆಣಕುತ್ತದೋ ಅವನ್ನೇ ಆಲ್ಕೋಹಾಲೂ ಕೆಣಕುತ್ತದೆ. ಶೇ 14ರಷ್ಟು ಆಲ್ಕೋಹಾಲ್ ಇರುವ ಕೆಂಪು ವೈನ್ ಕುಡಿದರೆ ಬಫಾತ್ ಇದ್ದದ್ದಕ್ಕಿಂತ ಖಾರವಾಗುತ್ತದೆ, ಅದರ ಟ್ಯಾನಿನ್ನಿನ ಒಗರು ಬಾಯಿಯನ್ನು ಒಣಗಿಸುತ್ತದೆ. ವೈನೂ ಕೆಟ್ಟಿತು, ಅಡುಗೆಯೂ ಕೆಟ್ಟಿತು. ಆಮೇಲೆ ಎಲ್ಲರೂ ನನ್ನತ್ತ ತಿರುಗಿ, ‘ಈ ಸಲ ಸ್ವಲ್ಪ ಖಾರ ಮುಂದಾಯ್ತಲ್ವಾ?’ ಎನ್ನುತ್ತಾರೆ!

ನಮ್ಮ ಕರಾವಳಿ ಊಟಕ್ಕೆ ಹೊಂದುವುದು ಆಲ್ಕೋಹಾಲ್ ಕಡಿಮೆ ಇರುವ, ಹುಳಿ ಚುರುಕಾಗಿರುವ, ಎಲ್ಲೋ ಒಂದೆಳೆ ಸಿಹಿ ಉಳಿದ ವೈನ್. ಭಾರತದಲ್ಲಿ ಸುಲಭವಾಗಿ ಸಿಗುವ ಶೆನಿನ್ ಬ್ಲಾಂಕ್ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ರೋಸೆಯೂ ಆಗುತ್ತದೆ. ಕೆಂಪೇ ಬೇಕೆಂದು ಹಟವಿದ್ದರೆ ಪೀಪಾಯಿಯಲ್ಲಿ ಇಡದ ಎಳೆಯ ಕೆಂಪು ವೈನನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತನ್ನಿ.

ಫ್ರಿಜ್ ಎಂದಾಗ ಎರಡನೇ ಮಾತು ಬಂತು. ಕ್ರಿಸ್‌ಮಸ್ ದಿನ ನನ್ನ ಫ್ರಿಜ್‌ನಲ್ಲಿ ಒಂದು ನಿಂಬೆಹಣ್ಣಿಗೂ ಜಾಗವಿರುವುದಿಲ್ಲ. ಮಾಂಸ, ಕ್ಯಾರಮೆಲ್ ಕಸ್ಟರ್ಡ್, ಮರುದಿನದ ಸನ್ನಕ್ಕೆ ತೆಗೆದಿಟ್ಟ ಹಿಟ್ಟು, ಎಲ್ಲ ಅಲ್ಲೇ. ಬಿಳಿ ವೈನ್ 8–10 ಡಿಗ್ರಿ, ಸ್ಪಾರ್ಕ್ಲಿಂಗ್ ವೈನ್ ಅದಕ್ಕೂ ತಣ್ಣಗಿರಬೇಕು. ಬೆಚ್ಚಗಿನ ಬಾಟಲಿ ಕೈಗಿಟ್ಟು ‘ಸ್ವಲ್ಪ ಚಿಲ್ ಮಾಡಿಬಿಡಿ ಮೇಡಂ’ ಎಂದರೆ ಅದು ಉಡುಗೊರೆಯಲ್ಲ, ನನಗೆ ಒಪ್ಪಿಸಿದ ಇನ್ನೊಂದು ಕೆಲಸ. ಹಿಂದಿನ ರಾತ್ರಿಯೇ ನಿಮ್ಮ ಮನೆಯಲ್ಲಿ ತಣಿಸಿ, ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ನಾಲ್ಕು ಹಾಳೆ ಪತ್ರಿಕೆ ಸುತ್ತಿ ತನ್ನಿ. ಬಾಟಲಿಗೆ ತಿರುಪು ಮುಚ್ಚಳವೇ ಇರಲಿ. ಕಾರ್ಕ್ ಇದ್ದರೆ ವೈನ್ ಮೇಲಾಯಿತು ಎಂದೇನಿಲ್ಲ. ಹಬ್ಬದ ಗದ್ದಲದಲ್ಲಿ ಕಾರ್ಕ್ ತೆಗೆಯುವ ತಿರುಪನ್ನು ಹುಡುಕಿಕೊಂಡು ಡ್ರಾಯರುಗಳನ್ನೆಲ್ಲ ಜಾಲಾಡುವವಳು ನಾನು. ಸ್ಪಾರ್ಕ್ಲಿಂಗ್ ಇನ್ನೂ ಕಷ್ಟದ ಅತಿಥಿ. ತೆರೆದ ಮೇಲೆ ಅಂದೇ ಮುಗಿಸಬೇಕು. ಸಾದಾ ಬಿಳಿ ವೈನ್ ಆದರೆ ಉಳಿದರೂ ಫ್ರಿಜ್‌ನಲ್ಲಿ ಎರಡು ಮೂರು ದಿನ ತಾಳುತ್ತದೆ.

ಇನ್ನು ಬೆಲೆ. ‘ಇದು ಫ್ರಾನ್ಸಿನದು, ನಾಲ್ಕು ಸಾವಿರ’ ಎಂದು ಕೊಡುವಾಗಲೇ ಹೇಳುವವರುಂಟು. ಬ್ಯಾಂಕಿನಲ್ಲಿ ದುಡಿದವಳಾದ್ದರಿಂದ ನನಗೆ ಆ ನಾಲ್ಕು ಸಾವಿರವನ್ನು ಬಿಡಿಸಿ ನೋಡುವ ಚಟ. ವಿದೇಶಿ ವೈನಿನ ಮೇಲೆ ನಮ್ಮ ದೇಶ ಬಹುಕಾಲ ಹಾಕಿಕೊಂಡು ಬಂದ ಕಸ್ಟಮ್ಸ್ ಸುಂಕ ಶೇ 150. ಆಸ್ಟ್ರೇಲಿಯಾದ ಜೊತೆಗಿನ ಒಪ್ಪಂದ 2022ರ ಡಿಸೆಂಬರಿನಲ್ಲಿ ಜಾರಿಯಾದ ಮೇಲೆ ಅಲ್ಲಿನ ಕೆಲವು ಬಾಟಲಿಗಳಿಗೆ ಅದು ಇಳಿಯಿತು. ಸುಂಕದ ಮೇಲೆ ರಾಜ್ಯದ ಅಬಕಾರಿ, ಆಮದು ಮಾಡಿದವರ ಪಾಲು, ಅಂಗಡಿಯವನ ಲಾಭ. ಹಾಗಾಗಿ ನಮ್ಮಲ್ಲಿ ದೊಡ್ಡ ಬೆಲೆಗೆ ಮಾರುವ ಎಷ್ಟೋ ಬಾಟಲಿಗಳು ತಮ್ಮ ಊರಿನಲ್ಲಿ ದಿನದ ರಾತ್ರಿಯೂಟದ ವೈನ್‌ಗಳು. ನೀವು ಕೊಟ್ಟ ಹಣದಲ್ಲಿ ದ್ರಾಕ್ಷಿಗಿಂತ ತೆರಿಗೆಗೆ ಹೋದದ್ದೇ ಹೆಚ್ಚು.

ರುಚಿಗಾದರೂ ಬೆಲೆ ಸಾಕ್ಷಿಯೇ? ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಸಲ ಲೇಬಲ್ ಮುಚ್ಚಿಟ್ಟು ರುಚಿ ನೋಡಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ವೈನಿನಲ್ಲಿ ತರಬೇತಿಯಿಲ್ಲದ ಸಾಮಾನ್ಯರು ದುಬಾರಿಯದ್ದನ್ನು ಹೆಚ್ಚು ಮೆಚ್ಚಲಿಲ್ಲ, ಒಂದು ಗುಲಗಂಜಿ ಕಡಿಮೆಯೇ ಮೆಚ್ಚಿದರು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು ಎಂದು ಹೇಳಿ ಕುಡಿಸಿದರು. 90 ಎಂದಾಗ ಜನ ಹೆಚ್ಚು ಇಷ್ಟಪಟ್ಟರು. ಮಿದುಳಿನಲ್ಲಿ ಸುಖವನ್ನು ದಾಖಲಿಸುವ ಭಾಗವೂ ಹೆಚ್ಚು ಚುರುಕಾಯಿತು. ಎರಡನ್ನೂ ಕೂಡಿಸಿದರೆ ಉತ್ತರ ಸ್ಪಷ್ಟ: ಬೆಲೆ ಬಾಯಿಬಿಟ್ಟು ಹೇಳಿದರೆ ಮಾತ್ರ ಕೆಲಸ ಮಾಡುತ್ತದೆ. ಹಬ್ಬದ ಮನೆಯಲ್ಲಿ ಹೇಳಬಾರದ್ದೂ ಅದೊಂದೇ. ನಾಲ್ಕು ಸಾವಿರ ಎಂದು ಕಿವಿಗೆ ಬಿದ್ದ ಕ್ಷಣ, ನಿಮ್ಮ ಮನೆಯ ದೀಪಾವಳಿಗೆ ನಾನೇನು ತರಬೇಕು ಎಂಬ ಲೆಕ್ಕ ನನ್ನ ತಲೆಯಲ್ಲಿ ಶುರುವಾಗುತ್ತದೆ.

ಸಾವಿರದ ಆಸುಪಾಸಿನಲ್ಲಿ ನಮ್ಮ ರಾಜ್ಯದ್ದೇ ವೈನ್ ಸಿಗುವಾಗ ಈ ಪಾಡೇಕೆ? ಕನ್ವಲ್ ಗ್ರೋವರ್ 1988ರಲ್ಲಿ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟ ಆರಂಭಿಸಿದಾಗ ಇಲ್ಲಿ ವೈನ್ ದ್ರಾಕ್ಷಿಯೇ ಎಂದು ನಕ್ಕವರಿದ್ದಿರಬೇಕು. ಮುಂದೆ ಬೋರ್ಡೋದ ಹೆಸರಾಂತ ತಜ್ಞ ಮಿಷೆಲ್ ರೋಲಾನ್ ಆ ತೋಟಕ್ಕೆ ಸಲಹೆಗಾರರಾದರು. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ವೈನ್ ಮಂಡಳಿ ಸ್ಥಾಪಿಸಿತು. ಇಂದು ನಂದಿ ಕಣಿವೆಯಷ್ಟೇ ಅಲ್ಲ, ವಿಜಯಪುರ, ಬಾಗಲಕೋಟೆ ಕಡೆಯ ಕೃಷ್ಣಾ ಕಣಿವೆಯಲ್ಲೂ ವೈನ್ ದ್ರಾಕ್ಷಿಯಿದೆ. ಕೊಪ್ಪಳ ಜಿಲ್ಲೆಯ ಹನುಮಸಾಗರದ ಬಳಿ ಬೆಳೆದದ್ದು ಹಂಪಿ ಹಿಲ್ಸ್ ಹೆಸರಿನಲ್ಲಿ ಬಾಟಲಿಗಿಳಿಯುತ್ತದೆ. ದೊಡ್ಡಬಳ್ಳಾಪುರ ಎಂದು ಲೇಬಲ್ ಮೇಲೆ ಓದಿದರೆ ನನ್ನ ಮೇಜಿನ ಸುತ್ತ ಮಾತು ತಾನಾಗಿ ಹುಟ್ಟುತ್ತದೆ. ಬೋರ್ಡೋ ಎಂದಾಗ ಎಲ್ಲರೂ ತಿಳಿದವರಂತೆ ಸುಮ್ಮನಾಗುತ್ತಾರೆ.

ಕೊಳ್ಳುವಾಗ ಲೇಬಲ್ಲಿನ ಇಸವಿ ನೋಡಿ. ನಮ್ಮಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯುತ್ತದೆ. ಆದ್ದರಿಂದ ಡಿಸೆಂಬರಿಗೆ ಅದೇ ವರ್ಷದ ಬಿಳಿ ವೈನ್ ಅಂಗಡಿಯಲ್ಲಿರಬಹುದು, ಅದನ್ನೇ ಕೇಳಿ. ಮೂರು ನಾಲ್ಕು ಬೇಸಿಗೆ ಕಂಡ ಶೆನಿನ್ ಬ್ಲಾಂಕ್ ಬೇಡ. ಹಳೆಯದಾದಷ್ಟೂ ವೈನ್ ಒಳ್ಳೆಯದು ಎಂಬ ಮಾತು ತಂಪು ನೆಲಮಾಳಿಗೆಯಲ್ಲಿ ಮಲಗಿಸಿಟ್ಟ ಕೆಲವೇ ಬಾಟಲಿಗಳಿಗೆ ಸಲ್ಲುತ್ತದೆ, ಶೋಕೇಸಿನ ಬಲ್ಬಿನ ಕೆಳಗೆ ನೆಟ್ಟಗೆ ನಿಂತ ಬಾಟಲಿಗಲ್ಲ.

ನಮ್ಮ ಮನೆಯ ವೈನ್ ವಿಷಯ ಬೇರೆ. ನವೆಂಬರ್ ಆರಂಭದಲ್ಲಿ ಕಪ್ಪು ದ್ರಾಕ್ಷಿ ತಂದು ತೊಳೆದು, ಆರಿಸಿ, ಹಿಸುಕಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಸೇರಿಸಿ ಭರಣಿಗೆ ಹಾಕುತ್ತೇನೆ. ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವಿ, ಬಾಯಿಗೆ ಬಟ್ಟೆ ಕಟ್ಟಿಟ್ಟು, ಮೂರು ವಾರವಾದ ಮೇಲೆ ಸೋಸುವುದು. ಅದರ ದ್ರಾಕ್ಷಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬೆಂಗಳೂರು ನೀಲಿ. ಮೂಗಿಗೆ ರಪ್ಪನೆ ಬಡಿಯುವ ಅದರ ಪರಿಮಳವನ್ನು ವೈನ್ ಪಂಡಿತರು ಒಪ್ಪುವುದಿಲ್ಲ. ನಮ್ಮ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರಿನ ತಟ್ಟೆಯ ಕಿಡಿಯೊ, ನೆವ್ರ್ಯೊ, ಪ್ಲಮ್ ಕೇಕಿನ ಜೊತೆ ಪುಟ್ಟ ಲೋಟದಲ್ಲಿ ಕೊಡುವ ಸಿಹಿಯದು. ನೀವು ತಂದ ಬಾಟಲಿಗೂ ಇದಕ್ಕೂ ಪೈಪೋಟಿ ಇಲ್ಲ. ದಯವಿಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ಅಂಕ ಕೊಡಬೇಡಿ.

ಬಾಟಲಿಯೇ ಬೇಡದ ಮನೆಗಳಿವೆ ಎಂಬುದನ್ನೂ ಒತ್ತಿ ಹೇಳಬೇಕು. ಕ್ರೈಸ್ತರೆಲ್ಲ ಕುಡಿಯುತ್ತಾರೆ ಎಂಬುದು ಸಿನಿಮಾ ಕಲಿಸಿದ ಪಾಠ. ಪೆಂಟೆಕೋಸ್ಟಲ್ ಸಭೆಯ ನನ್ನ ಗೆಳತಿಯ ಮನೆಗೆ ಒಂದು ಹನಿಯೂ ಹೋಗುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ಕಷ್ಟಪಟ್ಟು ಕುಡಿತ ಬಿಟ್ಟ ಒಬ್ಬರಿರುತ್ತಾರೆ. ಅಲ್ಲಿಗೆ ಬಾಟಲಿ ಒಯ್ಯುವುದು ಕ್ರೌರ್ಯ. ಗೊತ್ತಿಲ್ಲದಿದ್ದರೆ ಮೊದಲೇ ಕೇಳಿ, ಕೇಳಲು ಸಂಕೋಚವಾದರೆ ಹೂವು ತನ್ನಿ. ಚಳಿಗಾಲದಲ್ಲಿ ಶಂಕರಪುರ ಮಲ್ಲಿಗೆಯ ಒಂದು ಚೆಂಡು ಕೈಗಿಟ್ಟರೆ ಕರಾವಳಿಯ ಯಾವ ಹೆಂಗಸೂ ವೈನಿನ ಸುದ್ದಿ ಎತ್ತುವುದಿಲ್ಲ.

ಕೊನೆಗೆ, ಕೊಟ್ಟ ಮೇಲಿನ ನಡತೆ. ಒಂದು ಬಾಟಲಿ ಎಂದರೆ 750 ಮಿಲಿಲೀಟರ್, ಹದವಾಗಿ ಹೊಯ್ದರೆ ಐದು ಲೋಟ. ಹದಿನೈದು ಜನ ಕೂತ ಮೇಜಿನಲ್ಲಿ ಅದನ್ನು ತೆರೆದು ಯಾರಿಗೆ ಕೊಡಲಿ, ಯಾರಿಗೆ ಬಿಡಲಿ? ‘ನಾವು ತಂದದ್ದು ಓಪನ್ ಮಾಡೇ ಇಲ್ವಲ್ಲ’ ಎಂದು ಊಟದ ನಡುವೆ ಕೇಳಬೇಡಿ. ಕೈ ದಾಟಿದ ಮೇಲೆ ಬಾಟಲಿ ನನ್ನದು. ಹಬ್ಬ ಮುಗಿದು ಪಾತ್ರೆಗಳೆಲ್ಲ ಕಪಾಟು ಸೇರಿದ ಮೇಲೆ ನಾನೂ ನನ್ನ ಗಂಡನೂ ಕುಡಿಯಬಹುದು, ಫೆಬ್ರುವರಿಯವರೆಗೆ ಇಡಬಹುದು. ಹೊಸ ವರ್ಷಕ್ಕೆ ಇನ್ನೊಬ್ಬರ ಮನೆಗೆ ಊಟಕ್ಕೆ ಹೋಗುವಾಗ ಅದನ್ನೇ ಒಯ್ಯಲೂಬಹುದು. ಅಲ್ಲಿ ನಿಮ್ಮ ಕಣ್ಣಿಗೆ ಬಿದ್ದರೆ ಗುರುತು ಸಿಗದವರಂತೆ ಇದ್ದುಬಿಡಿ. ನಿಮ್ಮ ಹೆಸರಿನ ಚೀಟಿಯನ್ನಂತೂ ನಾನು ಕಿತ್ತಿರುತ್ತೇನೆ.