ಒಂದೇ ಹಾಲಿಗೆ ಎರಡು ಲೆಕ್ಕ

ಧಾರವಾಡಕ್ಕೆ ಬಂದವರು ಪೇಢೆ ಕಟ್ಟಿಸಿಕೊಳ್ಳದೆ ಹಿಂದಿರುಗುವುದಿಲ್ಲ ಎಂಬುದು ರೂಢಿಯ ಮಾತು. ಆದರೆ ಇಂದಿನ ಯುವಜನರ ಸಾಯಂಕಾಲದ ಸಿಹಿ ಬೇರೆಯೇ ಆಗಿದೆ. ಅಚ್ಚಿನಲ್ಲಿ ಬೇಯಿಸಿದ ಬಿಸಿ ವಾಫಲ್ ಹಾಗೂ ಇಟಲಿ ಮೂಲದ ಜೆಲಾಟೊ ಸವಿಯಲು ಡೆಸರ್ಟ್ ಕೆಫೆಗಳಿಗೆ ಹೋಗುವ ಅಭ್ಯಾಸ ಮಹಾನಗರಗಳಿಂದ ಹುಬ್ಬಳ್ಳಿ-ಧಾರವಾಡದಂತಹ ನಗರಗಳಿಗೂ ಹಬ್ಬಿದೆ. ಗ್ರಾಹಕನಿಗೆ ಇದು ಅರ್ಧ ಗಂಟೆಯ ಸಂತೋಷ, ಅಂಗಡಿಕಾರನಿಗೆ ಜೀವನೋಪಾಯ. ಈ ಜೀವನೋಪಾಯವನ್ನು ಸರಕು ಮತ್ತು ಸೇವಾ ತೆರಿಗೆಯ ಕಾನೂನು ಹೇಗೆ ಕಾಣುತ್ತದೆ ಎಂಬುದು ವಾಣಿಜ್ಯ ವಲಯ ಗಂಭೀರವಾಗಿ ಗಮನಿಸಬೇಕಾದ ಸಂಗತಿ.

ಒಂದೇ ತಟ್ಟೆಯಲ್ಲಿ ಬರುವ ಈ ಎರಡು ತಿನಿಸುಗಳು ಬಹುಕಾಲ ಒಂದೇ ದರದ ತೆರಿಗೆಗೆ ಒಳಪಟ್ಟಿರಲಿಲ್ಲ. ಸ್ಥಳದಲ್ಲಿಯೇ ಬೇಯಿಸಿ ಬಡಿಸುವ ವಾಫಲ್ ಉಪಾಹಾರಗೃಹದ ಸೇವೆ; ಅದಕ್ಕೆ ಶೇ. 5ರ ತೆರಿಗೆ. ಮೊದಲೇ ತಯಾರಾದ ಐಸ್ ಕ್ರೀಂ ಮಾರುವ ಪಾರ್ಲರುಗಳದು ಸೇವೆಯಲ್ಲ, ಸರಕಿನ ಮಾರಾಟ, ಆದ್ದರಿಂದ ಶೇ. 18 ಅನ್ವಯವಾಗುತ್ತದೆಂದು 2021ರ ಅಕ್ಟೋಬರ್ 6ರ ಕೇಂದ್ರ ಸುತ್ತೋಲೆ ಸ್ಪಷ್ಟಪಡಿಸಿತು. ಅದಕ್ಕೆ ಮುಂಚೆ ಶೇ. 5ರಂತೆ ತೆರಿಗೆ ತೆತ್ತವರ ಗತಿಯೇನೆಂಬ ಗೊಂದಲ 2022ರ ಆಗಸ್ಟ್‌ನ ಮತ್ತೊಂದು ಸುತ್ತೋಲೆಯಿಂದ ಬಗೆಹರಿಯಿತು. ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ಐಸ್ ಕ್ರೀಂ ದರವೂ ಶೇ. 5ಕ್ಕೆ ಇಳಿಯಿತು. ಇದು ಸ್ವಾಗತಾರ್ಹ. ಆದರೆ ದರ ಸಮನಾದ ಮಾತ್ರಕ್ಕೆ ನ್ಯಾಯ ಸಮನಾಗಿಲ್ಲ.

ಜೆಲಾಟೊದಲ್ಲಿ ಸಾಮಾನ್ಯ ಐಸ್ ಕ್ರೀಂಗಿಂತ ಕೆನೆ ಕಡಿಮೆ, ಹಾಲು ಹೆಚ್ಚು. ನಿಧಾನವಾಗಿ ಕಡೆಯುವುದರಿಂದ ಅದರೊಳಗೆ ಗಾಳಿ ಕಡಿಮೆ ಸೇರುತ್ತದೆ. ದೊಡ್ಡ ಕಾರ್ಖಾನೆಯ ಹಂಗಿಲ್ಲದೆ, ಸ್ಥಳೀಯ ಹಾಲಿನಿಂದ ಅಂದಂದಿಗೆ ಬೇಕಾದಷ್ಟನ್ನು ತಯಾರಿಸಲು ಇದು ಯೋಗ್ಯವಾದ ಪದಾರ್ಥ. ಆದರೆ ತೆರಿಗೆಯ ಲೆಕ್ಕದಲ್ಲಿ ಅದೂ ಐಸ್ ಕ್ರೀಮೇ. 2017ರಲ್ಲಿ ಈ ತೆರಿಗೆ ಜಾರಿಗೆ ಬಂದಂದಿನಿಂದ ಐಸ್ ಕ್ರೀಂ ತಯಾರಕರನ್ನು ಪಾನ್ ಮಸಾಲಾ ಮತ್ತು ತಂಬಾಕು ತಯಾರಕರ ಸಾಲಿನಲ್ಲಿ ನಿಲ್ಲಿಸಿ, ರಾಜಿ ತೆರಿಗೆ ಪದ್ಧತಿಯಿಂದ ಹೊರಗಿಡಲಾಗಿದೆ. 2019ರ ಏಪ್ರಿಲ್ 1ರಿಂದ ಸರಕು ವ್ಯಾಪಾರಿಗಳ ನೋಂದಣಿ ಮಿತಿಯನ್ನು 40 ಲಕ್ಷ ರೂಪಾಯಿಗೆ ಏರಿಸಿದಾಗಲೂ ಇದೇ ಮೂರು ಸರಕುಗಳನ್ನು ಹೊರಗುಳಿಸಿ, ಅವುಗಳಿಗೆ 20 ಲಕ್ಷದ ಮಿತಿಯನ್ನೇ ಉಳಿಸಲಾಯಿತು.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಕೆಲಗೇರಿಯಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ಅಂಗಡಿ ತೆರೆದಿದ್ದಾರೆ ಎಂದಿಟ್ಟುಕೊಳ್ಳಲಿ. ಇಬ್ಬರೂ ಒಂದೇ ಡೈರಿಯ ಹಾಲು ಕೊಳ್ಳುತ್ತಾರೆ. ಒಬ್ಬ ಪೇಢೆ ತಯಾರಿಸಿ ಮಾರುತ್ತಾನೆ, ಇನ್ನೊಬ್ಬ ಜೆಲಾಟೊ. ಇಬ್ಬರ ವಾರ್ಷಿಕ ವಹಿವಾಟು 30 ಲಕ್ಷವಾದರೆ ಮೊದಲನೆಯವನಿಗೆ ನೋಂದಣಿಯ ಅಗತ್ಯವಿಲ್ಲ, ಎರಡನೆಯವನಿಗೆ ಕಡ್ಡಾಯ. ವಹಿವಾಟು 60 ಲಕ್ಷಕ್ಕೇರಿದರೆ ಮೊದಲನೆಯವನು ರಾಜಿ ಪದ್ಧತಿಯಲ್ಲಿ ಶೇ. 1ರಂತೆ 60,000 ರೂಪಾಯಿ ತೆತ್ತು, ವರ್ಷಕ್ಕೊಂದು ವಿವರಪಟ್ಟಿ ಸಲ್ಲಿಸಿ ನಿಶ್ಚಿಂತನಾಗಬಹುದು. ಎರಡನೆಯವನದು ಶೇ. 5ರಂತೆ 3 ಲಕ್ಷ. ಅದನ್ನು ಗ್ರಾಹಕನಿಂದ ವಸೂಲು ಮಾಡಬಹುದು, ಖರೀದಿಯ ಮೇಲಿನ ತೆರಿಗೆಯನ್ನು ಕಳೆದುಕೊಳ್ಳಲೂಬಹುದು ಎಂಬುದು ನಿಜ. ಆದರೆ ಹಾಲಿಗೆ ತೆರಿಗೆಯೇ ಇಲ್ಲದಿರುವಾಗ ಕಳೆಯಲು ಸಿಗುವುದು ಅಲ್ಪ. ಪ್ರತಿ ಬಿಲ್ಲಿನ ಲೆಕ್ಕ ಇಡುವ ಹೊರೆಯಂತೂ ತಪ್ಪದು.

ಇನ್ನೂ ವಿಚಿತ್ರವಾದುದು ಕೆಫೆಯ ಸ್ಥಿತಿ. ಕಂಪನಿಯ ಐಸ್ ಕ್ರೀಂ ಡಬ್ಬಿ ತರಿಸಿ ವಾಫಲ್ ಮೇಲಿಟ್ಟು ಬಡಿಸುವವನಿಗೆ, ಒಂದೂವರೆ ಕೋಟಿ ವಹಿವಾಟಿನವರೆಗೆ ರಾಜಿ ಪದ್ಧತಿಯ ಬಾಗಿಲು ತೆರೆದಿದೆ. ಅದೇ ವಾಫಲ್ ಜೊತೆಗೆ ತಾನೇ ಕಡೆದ ಜೆಲಾಟೊ ಬಡಿಸಿದರೆ ಅಧಿಸೂಚನೆಯ ಅಕ್ಷರಾರ್ಥದಂತೆ ಅವನು ತಯಾರಕನಾಗುತ್ತಾನೆ. ಜೆಲಾಟೊಗೆ ಮಾತ್ರವಲ್ಲ, ಇಡೀ ವಹಿವಾಟಿಗೇ ಆ ಬಾಗಿಲು ಮುಚ್ಚುತ್ತದೆ. ಸ್ಥಳೀಯ ಹಾಲು ಕೊಂಡು ನಾಲ್ವರಿಗೆ ಉದ್ಯೋಗ ಕೊಡುವವನಿಗಿಂತ ಹೊರಗಿನ ಸರಕು ತಂದು ಮಾರುವವನೇ ಸುಖಿ ಎಂಬಂತಾಗಿದೆ.

ಮೂಲಸಾಮಗ್ರಿಯಾದ ಹಾಲಿಗೆ ತೆರಿಗೆ ಇಲ್ಲದಿರುವುದರಿಂದ ತಯಾರಕರಿಗೂ ರಿಯಾಯಿತಿ ಕೊಟ್ಟರೆ ಬೊಕ್ಕಸಕ್ಕೆ ನಷ್ಟವೆಂಬ ವಾದವುಂಟು. ಈ ವಾದ ಪೇಢೆಗೂ ಕುಂದಾಕ್ಕೂ ಸಮನಾಗಿ ಅನ್ವಯಿಸಬೇಕಾಗಿತ್ತು, ಅನ್ವಯಿಸಿಲ್ಲ. ವಹಿವಾಟು ಮರೆಮಾಚುವ ಭಯವಿದ್ದರೆ, ಅದಕ್ಕೂ ಹಿಂದಿನ ಬಲವಿಲ್ಲ. ಕೆಫೆಗೆ ಬರುವ ಯುವಕರು ಬಹುಪಾಲು ಮೊಬೈಲಿನಿಂದಲೇ ಹಣ ಪಾವತಿಸುತ್ತಾರೆ. ಯುಪಿಐ ಜಮೆಯ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ 2025ರ ಜುಲೈನಲ್ಲಿ ತಲುಪಿದ ನೋಟಿಸುಗಳು ಯಾರಿಗೂ ಮರೆತಿರಲಾರವು. ಅಂಥ ವೇಳೆ 20 ಲಕ್ಷ ಮತ್ತು 40 ಲಕ್ಷದ ನಡುವಿನ ಅಂತರವೇ ಒಂದು ಅಂಗಡಿಯ ಉಳಿವು-ಅಳಿವನ್ನು ನಿರ್ಣಯಿಸಬಲ್ಲದು.

ತಂಬಾಕಿನಿಂದ ಆರೋಗ್ಯ ಕೆಡುತ್ತದೆ. ಅದಕ್ಕೆ ಕಠಿಣ ನಿಯಮ ಸರಿ. ಹಾಲಿನಿಂದಾದ ತಿನಿಸನ್ನು ಅದೇ ಪಟ್ಟಿಯಲ್ಲಿಡಲು ದರ ಶೇ. 5ಕ್ಕೆ ಇಳಿದ ಮೇಲೆ ಸಕಾರಣವೇನೂ ಉಳಿದಿಲ್ಲ. ಆದ್ದರಿಂದ ಸಣ್ಣ ಐಸ್ ಕ್ರೀಂ ಹಾಗೂ ಜೆಲಾಟೊ ತಯಾರಕರಿಗೆ ರಾಜಿ ಪದ್ಧತಿಯನ್ನೂ 40 ಲಕ್ಷದ ಮಿತಿಯನ್ನೂ ವಿಸ್ತರಿಸುವಂತೆ ವಾಣಿಜ್ಯೋದ್ಯಮ ಸಂಸ್ಥೆಗಳು ರಾಜ್ಯ ಸರ್ಕಾರದ ಮೂಲಕ ಜಿಎಸ್‌ಟಿ ಮಂಡಳಿಗೆ ಮನವಿ ಸಲ್ಲಿಸುವುದು ಅವಶ್ಯ. ಬೊಕ್ಕಸಕ್ಕೆ ಇದರಿಂದ ಆಗುವ ಹಾನಿ ಅಲ್ಪ. ಸ್ವಂತ ದುಡಿಮೆಯ ಮೇಲೆ ನಿಲ್ಲಬಯಸುವ ಯುವ ಉದ್ಯಮಿಗೆ ಸಿಗುವ ಆಸರೆ ದೊಡ್ಡದು.