ಬಳ್ಳಾರಿಯಲ್ಲಿ ಕನ್ನಡ ಮಾತಾಡಿದ ಸುಷ್ಮಾ ಸ್ವರಾಜ್, ಮತ್ತು ಗಡಿಯ ಈಚೆಗಿರುವ ನಾವು



ರಾಜಕಾರಣಿಗಳ ಬಗ್ಗೆ ಬರೆಯುವುದು ನಮ್ಮಂಥ ಸರ್ಕಾರಿ ಶಿಕ್ಷಕರ ಕೆಲಸವಲ್ಲ. ಯಾವ ಪಕ್ಷಕ್ಕೂ ಜೈ ಅನ್ನಲು ಇದನ್ನು ಬರೆಯುತ್ತಿಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಆದರೆ ನಮ್ಮ ಭಾಷೆಯ ಪ್ರಶ್ನೆ ಇದರಲ್ಲಿ ಇರುವುದರಿಂದ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

1999ರಲ್ಲಿ ನಾವು ಬಳ್ಳಾರಿಯಲ್ಲಿ ಟಿ.ಸಿ.ಎಚ್. ಓದುತ್ತಿದ್ದೆವು. ನಾವೆಂದರೆ ಬೆಳುಗುಪ್ಪ, ರಾಯದುರ್ಗದ ಕಡೆಯಿಂದ ಹೋಗಿ ಒಂದೇ ರೂಮಿನಲ್ಲಿದ್ದ ನಾಲ್ಕು ಹುಡುಗಿಯರು. ಆ ವರ್ಷದ ಆಗಸ್ಟಿನಲ್ಲಿ ಬಳ್ಳಾರಿಗೆ ಇದ್ದಕ್ಕಿದ್ದಂತೆ ದೇಶದ ಪತ್ರಕರ್ತರೆಲ್ಲ ಬಂದಿಳಿದರು. ಕಾಂಗ್ರೆಸ್ ಅಧ್ಯಕ್ಷೆ ಸೋನಿಯಾ ಗಾಂಧಿಯವರು ಅಮೇಥಿಯ ಜೊತೆಗೆ ಬಳ್ಳಾರಿಯಲ್ಲೂ ಲೋಕಸಭೆಗೆ ನಿಂತಿದ್ದರು. ಅವರ ಎದುರು ಬಿಜೆಪಿಯಿಂದ ಹರಿಯಾಣದ ಸುಷ್ಮಾ ಸ್ವರಾಜ್. 1952ರಿಂದಲೂ ಕಾಂಗ್ರೆಸ್ಸನ್ನು ಬಿಟ್ಟು ಬೇರೆಯವರನ್ನು ಆರಿಸದ ಕ್ಷೇತ್ರವದು. ಗೋಡೆಗೋಡೆಗೂ ಒಬ್ಬರು ಸೊಸೆ, ಇನ್ನೊಬ್ಬರು ಮಗಳು! ಒಂದು ಇಡೀ ಚುನಾವಣೆ ನೆಂಟಸ್ತಿಕೆಯ ಮಾತಿನಲ್ಲೇ ನಡೆದುಹೋಯಿತು. ವಿದೇಶಿ ಸೊಸೆ ಎಂದು ಹಂಗಿಸಿದ್ದು ನಮಗೆ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ. ಗಂಡನ ಮನೆಗೆ ಬಂದವಳನ್ನು ಹೊರಗಿನವಳು ಎನ್ನುವುದಾದರೆ ನಮ್ಮ ಹಳ್ಳಿಗಳಲ್ಲಿ ಹೆಂಗಸರೆಲ್ಲ ಹೊರಗಿನವರೇ.

ಒಂದು ಸಂಜೆ ಪ್ರಚಾರ ಸಭೆಗೆ ನಾವೂ ಹೋದೆವು. ದೊಡ್ಡ ಬಿಂದಿ, ಹಣೆಯ ಮೇಲೆ ಕುಂಕುಮ, ಗಿಡ್ಡ ಆಳು. ಮೈಕಿನ ಮುಂದೆ ನಿಂತು ಕನ್ನಡ ಮಾತಾಡತೊಡಗಿದರು. ಒಂದು ನಮಸ್ಕಾರ ಹೇಳಿ ಹಿಂದಿಗೆ ಹೊರಳುತ್ತಾರೆ ಅಂದುಕೊಂಡಿದ್ದೆವು. ಹೊರಳಲಿಲ್ಲ. ಧಾಟಿ ಉತ್ತರದವರದೇ, ಆದರೆ ವಾಕ್ಯಗಳು ನಮ್ಮವು. ನಮ್ಮ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಪ್ರತಿ ವಾಕ್ಯಕ್ಕೂ ತಲೆದೂಗುತ್ತಿದ್ದಳು. ಅಂಬಾಲಾದಲ್ಲಿ ಹುಟ್ಟಿ, ಸಂಸ್ಕೃತ, ರಾಜ್ಯಶಾಸ್ತ್ರ ಓದಿ, ಚಂಡೀಗಢದಲ್ಲಿ ಕಾನೂನು ಕಲಿತ ಹೆಂಗಸಿಗೆ ಅಷ್ಟು ಬೇಗ ಕನ್ನಡ ನಾಲಿಗೆಗೆ ಬಂದದ್ದು ಹೇಗೆಂದು ರೂಮಿಗೆ ಬಂದ ಮೇಲೂ ಮಾತಾಡಿಕೊಂಡೆವು.

ಎರಡು ವಾರದಷ್ಟು ಪ್ರಚಾರದಲ್ಲಿ ಅವರಿಗೆ ಬಂದದ್ದು ಸುಮಾರು 3,58,000 ಮತ. ಸೋತದ್ದು ಸುಮಾರು 56 ಸಾವಿರ ಮತಗಳಿಂದ. ಗೆದ್ದ ಸೋನಿಯಾ ಅವರು ಅಮೇಥಿಯನ್ನು ಇಟ್ಟುಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. 2000ದಲ್ಲಿ ಮರುಚುನಾವಣೆ ಆಯಿತು. ಗೆದ್ದವರು ಹೋದರು, ಸೋತವರು ಮಾತ್ರ ಬರುತ್ತಲೇ ಇದ್ದರು! ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಸುಷ್ಮಾ ಅವರು ಹಲವು ವರ್ಷ ಬಳ್ಳಾರಿಗೆ ಬಂದು ಪೂಜೆಗೆ ಕೂತರು. ಅದರಲ್ಲಿ ರಾಜಕೀಯ ಇರಲಿಲ್ಲ ಎನ್ನಲು ನಾವೇನು ಸಣ್ಣ ಮಕ್ಕಳಲ್ಲ. 2004ರಲ್ಲಿ ಆ ಕ್ಷೇತ್ರ ಬಿಜೆಪಿಗೆ ಹೋಯಿತು. ಆದರೂ ಸೋತ ಊರಿಗೆ ಹಬ್ಬಕ್ಕೆ ಬರುವವರು ಎಷ್ಟು ಮಂದಿ ಇದ್ದಾರೆ, ಹೇಳಿ.

ಈಗ ನಮ್ಮ ವಿಷಯಕ್ಕೆ ಬರೋಣ. ಆ ಸಭೆಯಲ್ಲಿ ಕೂತಿದ್ದ ನಮ್ಮ ನಾಲ್ವರಿಗೂ ಅಲ್ಲಿ ಮತವಿರಲಿಲ್ಲ. ಯಾಕಿರಲಿಲ್ಲ? ರಾಯದುರ್ಗ ಬಳ್ಳಾರಿ ಜಿಲ್ಲೆಯದೇ ಒಂದು ತಾಲ್ಲೂಕು. ಮದ್ರಾಸ್ ಪ್ರಾಂತ್ಯ ಒಡೆದು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಹೋದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. ಅಂದು ಗೆರೆ ಇನ್ನೊಂದಿಷ್ಟು ಪೂರ್ವಕ್ಕೆ ಬಿದ್ದಿದ್ದರೆ ಸುಷ್ಮಾ ಅವರು ನಮ್ಮ ಹಳ್ಳಿಗಳಿಗೂ ಬಂದು ಕನ್ನಡದಲ್ಲಿ ಮತ ಕೇಳಬೇಕಿತ್ತು. ಗೆರೆಯ ಆಚೆ ದೆಹಲಿಯ ನಾಯಕಿ ಕನ್ನಡ ಕಲಿಯುತ್ತಾರೆ. ಗೆರೆಯ ಈಚೆ ಮನೆಯಲ್ಲಿ ಕನ್ನಡವಾಡುವ ನಮ್ಮವರೇ ವೇದಿಕೆ ಹತ್ತಿದೊಡನೆ ತೆಲುಗಿಗೆ ತಿರುಗುತ್ತಾರೆ. ಭೂಮಿ ಅದೇ, ಶೇಂಗಾ ಅದೇ, ಬರಗಾಲವೂ ಅದೇ.

ಸುಷ್ಮಾ ಅವರಿಗೆ ಕನ್ನಡದ ಮೇಲೆ ಪ್ರೇಮ ಉಕ್ಕಿ ಕಲಿತರು ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಅವರು ಭಾಷಣ ಕಲೆಯಲ್ಲಿ ಪಳಗಿದವರು, ಭಾಷೆ ಬೇಗ ಹಿಡಿಯುವವರು ಎಂಬುದು ನಿಜ. ಆದರೆ ಅವರ ಮುಂದಿನ ದಿನಗಳನ್ನು ನೋಡಿ. 2014ರಿಂದ 2019ರವರೆಗೆ ವಿದೇಶಾಂಗ ಸಚಿವೆಯಾಗಿ ವಿಶ್ವಸಂಸ್ಥೆಯಲ್ಲಿ ಹಿಂದಿಯಲ್ಲಿ ಮಾತಾಡಿದರು. 2017ರಲ್ಲಿ, ಪಾಸ್‌ಪೋರ್ಟಿನಲ್ಲಿ ವಿವರಗಳು ಇಂಗ್ಲಿಷಿನ ಜೊತೆ ಹಿಂದಿಯಲ್ಲೂ ಇರುತ್ತವೆ ಎಂದು ಪ್ರಕಟಿಸಿದರು. 2018ರ ಜನವರಿಯಲ್ಲಿ ಹಿಂದಿಯನ್ನು ವಿಶ್ವಸಂಸ್ಥೆಯ ಅಧಿಕೃತ ಭಾಷೆ ಮಾಡುವ ಬಗ್ಗೆ ಲೋಕಸಭೆಯಲ್ಲಿ ವಾದಿಸಿದಾಗ ಶಶಿ ತರೂರ್ ಅವರು ಅದರ ಅಗತ್ಯವೇನೆಂದು ಕೇಳಿದ್ದರು. ನಮಗೂ ತರೂರರ ಪ್ರಶ್ನೆಯೇ ಸರಿಯೆನಿಸಿತು. ಅದೇ ಇಲಾಖೆಯಿಂದ ಅಂಚೆ ಕಛೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಒಳ್ಳೆಯ ಕೆಲಸ 2017ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲಿ ಶುರುವಾಯಿತು ಎಂಬುದನ್ನೂ ಹೇಳಬೇಕು. ಪಾಸ್‌ಪೋರ್ಟ್ ಕೊಡುವ ಜಾಗ ಹತ್ತಿರವಾಯಿತು, ಆದರೆ ಅದರೊಳಗೆ ಕನ್ನಡಕ್ಕೆ ಜಾಗವಾಗಲಿಲ್ಲ.

ಇನ್ನೊಂದು ಪ್ರಸಂಗ ನಮ್ಮ ರಾಯಲಸೀಮೆಯವರಿಗೆ ಬೇಗ ಮರೆಯುವಂಥದ್ದಲ್ಲ. 2014ರ ಫೆಬ್ರವರಿಯಲ್ಲಿ ಆಂಧ್ರವನ್ನು ಒಡೆಯುವ ಮಸೂದೆಗೆ ಲೋಕಸಭೆಯ ವಿರೋಧ ಪಕ್ಷದ ನಾಯಕಿಯಾಗಿದ್ದ ಅವರು ಬೆಂಬಲ ಕೊಟ್ಟರು. ತೆಲಂಗಾಣದವರು ಸೋನಿಯಮ್ಮನ ಜೊತೆ ಈ ಚಿನ್ನಮ್ಮನನ್ನೂ ನೆನೆಯಬೇಕು ಎಂಬ ಅರ್ಥದಲ್ಲಿ ಮಾತಾಡಿದರು. ಚಿನ್ನಮ್ಮ ಎಂದರೆ ನಮ್ಮ ಚಿಕ್ಕಮ್ಮ. ಬಳ್ಳಾರಿಯಲ್ಲಿ ಮಗಳು, ತೆಲಂಗಾಣದಲ್ಲಿ ಚಿಕ್ಕಮ್ಮ! ಅದರ ಹಿಂದಿನ ವರ್ಷವಷ್ಟೇ ಸಮೈಕ್ಯಾಂಧ್ರ ಮುಷ್ಕರದಲ್ಲಿ ನಮ್ಮ ಶಾಲೆಗಳು ವಾರಗಟ್ಟಲೆ ಮುಚ್ಚಿದ್ದವು. ಅನಂತಪುರ, ಕರ್ನೂಲನ್ನು ತೆಲಂಗಾಣಕ್ಕೆ ಸೇರಿಸಿ ರಾಯಲ ತೆಲಂಗಾಣ ಮಾಡುವ ಮಾತೂ ಎದ್ದು ಬಿದ್ದಿತ್ತು. ಅಷ್ಟೆಲ್ಲ ಗದ್ದಲದಲ್ಲಿ ಈ ಜಿಲ್ಲೆಯ ಕನ್ನಡದವರನ್ನು ನೀವೇನಂತೀರಿ ಎಂದು ಕೇಳಲು ಯಾವ ಅಮ್ಮನೂ ಬರಲಿಲ್ಲ, ಯಾವ ಅಪ್ಪನೂ ಬರಲಿಲ್ಲ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಸುಷ್ಮಾ ಅವರು ಕನ್ನಡ ಕಲಿತದ್ದು ಬಳ್ಳಾರಿಯ ಮತದಾರರು ಕನ್ನಡದಲ್ಲಿ ಕೇಳಿಸಿಕೊಳ್ಳುವವರಾಗಿದ್ದರಿಂದ. ಇದನ್ನು ಅವರ ಹೆಸರಿಗೆ ಕಳಂಕವೆಂದು ನಾವು ಹೇಳುತ್ತಿಲ್ಲ. ಜನರ ಬಳಿಗೆ ಜನರ ಭಾಷೆಯಲ್ಲಿ ಹೋಗಬೇಕೆಂದು ತಿಳಿದದ್ದೇ ದೊಡ್ಡದು, ಅಷ್ಟನ್ನೂ ಮಾಡದವರು ಬೇಕಾದಷ್ಟಿದ್ದಾರೆ. ಆದರೆ ಅದರ ಅರ್ಧ ಶ್ರೇಯಸ್ಸು ನಮ್ಮ ಪಕ್ಕ ತಲೆದೂಗುತ್ತಿದ್ದ ಆ ಮುದುಕಿಗೆ ಸೇರಬೇಕು.

ಅವರ ಎಲ್ಲ ಮಾತನ್ನೂ ನಾವು ಒಪ್ಪಿದವರಲ್ಲ. 2004ರಲ್ಲಿ ಸೋನಿಯಾ ಪ್ರಧಾನಿಯಾದರೆ ತಲೆ ಬೋಳಿಸಿಕೊಂಡು ಬಿಳಿ ಸೀರೆ ಉಟ್ಟು ನೆಲದ ಮೇಲೆ ಮಲಗುತ್ತೇನೆ ಎಂದರಲ್ಲ, ಅದನ್ನು ಕೇಳಿ ಹೆಂಗಸರಾದ ನಮಗೆ ನೋವಾಯಿತು. ನಮ್ಮ ಕಡೆ ಗಂಡ ಸತ್ತವರಿಗೆ ಹೇರಿದ್ದ ಶಿಕ್ಷೆಯದು, ಅದನ್ನು ಅಷ್ಟು ಓದಿದವರು ಶಪಥದ ಮಾತಾಗಿ ಆಡಬಾರದಿತ್ತು. ಅದೇ ಹೆಂಗಸು 25ನೇ ವಯಸ್ಸಿಗೆ, 1977ರಲ್ಲಿ, ಹರಿಯಾಣದಲ್ಲಿ ದೇವಿಲಾಲರ ಸಂಪುಟದ ಸಚಿವೆ. ತುರ್ತು ಪರಿಸ್ಥಿತಿಯಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಸಿಕ್ಕಾಗ ಅವರ ಪರ ನಿಂತ ವಕೀಲರ ತಂಡದಲ್ಲಿ ಇದ್ದವರು. 1980, 1984, 1989ರಲ್ಲಿ ಕರ್ನಾಲದಲ್ಲಿ ಸೋತು ಸೋತು ಬಂದವರು. 1996ರ ಹದಿಮೂರು ದಿನದ ಸರ್ಕಾರದಲ್ಲಿ ವಾರ್ತಾ ಸಚಿವೆಯಾಗಿ ಲೋಕಸಭೆಯ ಚರ್ಚೆಯನ್ನು ದೂರದರ್ಶನದಲ್ಲಿ ನೇರ ತೋರಿಸಿದರು. 2010ರ ಮಾರ್ಚಿನಲ್ಲಿ ಮಹಿಳಾ ಮೀಸಲಾತಿ ಮಸೂದೆ ರಾಜ್ಯಸಭೆಯಲ್ಲಿ ಪಾಸಾದ ದಿನ ಎಡಪಕ್ಷದ ಬೃಂದಾ ಕಾರಟ್ ಅವರ ಜೊತೆ ನಗುತ್ತಾ ನಿಂತ ಅವರ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿದ್ದೆವು. ಸುಣ್ಣ ಬಳಿಯುವವರು ಕಿತ್ತುಹಾಕಿದರು, ಇರಲಿ.

ಅವರು 2019ರ ಆಗಸ್ಟ್ 6ರ ರಾತ್ರಿ ತೀರಿಕೊಂಡರು, 67 ವರ್ಷ. ಮರುದಿನ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಮಕ್ಕಳಿಗೆ ಬಳ್ಳಾರಿಯ ಕಥೆ ಹೇಳಿದೆವು. ಏಳನೇ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿ, “ಮೇಡಂ, ಆಯಮ್ಮ ಅಷ್ಟು ಬೇಗ ಕಲ್ತ್ರೆ, ನಮ್ಮ ಸ್ಕೂಲಿಗೆ ಬರೋ ಆಫೀಸರು ಯಾಕೆ ಕಲಿಯಲ್ಲ?” ಎಂದಳು. ಶಾಲಾ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅವಳ ಕನ್ನಡ ನೋಟ್ ಪುಸ್ತಕವನ್ನು ತಿರುಗಿಸಿ ನೋಡಿ, ಓದಲು ಬಾರದೆ ಹಾಗೇ ಸಹಿ ಹಾಕಿ ಹೋಗಿದ್ದರು. ಹುಡುಗಿ ಅದನ್ನು ಮರೆತಿರಲಿಲ್ಲ. ನಾವೇನೋ ಸಮಾಧಾನ ಹೇಳಿ ಕೂರಿಸಿದೆವು.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಶಿಕ್ಷಣ ಕೊಡಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. ಇದನ್ನು ನಾವು ಮನವಿ ಪತ್ರಗಳಲ್ಲಿ ಬರೆದು ಬರೆದು ಸಾಕಾಗಿದೆ. ಆ ಮನವಿಗಳನ್ನಾದರೂ ಯಾವ ಭಾಷೆಯಲ್ಲಿ ಕೊಡುತ್ತೇವೆ? ತೆಲುಗಿನಲ್ಲಿ. ಬೇಗ ಕೆಲಸವಾಗಲಿ ಎಂದು. ರಾಯದುರ್ಗದಲ್ಲಾಗಲಿ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರದಲ್ಲಾಗಲಿ, ಮತ ಕೇಳಲು ಬಂದವರಿಗೆ “ಕನ್ನಡದಲ್ಲಿ ಎರಡು ಮಾತು ಹೇಳಿ” ಎಂದು ನಾವು ಯಾರಾದರೂ ಕೇಳಿದ್ದೇವೆಯೇ? ತೆಲುಗಿನ ಮೇಲೆ ನಮಗೆ ದ್ವೇಷವಿಲ್ಲ, ಅದು ನಮ್ಮ ಬೀದಿಯ ಭಾಷೆ, ನೆಂಟರ ಭಾಷೆ. ಮುಂದಿನ ಸಲ ಪೋಷಕರ ಸಭೆಗೆ ಜನಪ್ರತಿನಿಧಿ ಬಂದಾಗ ಊರ ಹಿರಿಯರು ಇದನ್ನೊಂದು ಕೇಳಿ ನೋಡಲಿ ಎಂಬುದು ನಮ್ಮ ಕೋರಿಕೆ.

ಹೀಗೆ ಬರೆಯುವ ನಾವೂ ಏನು ಮಾಡಿದ್ದೇವೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. 2024ರ ಮೇ 13ರಂದು ರಾಯದುರ್ಗ ಕಡೆಯ ಒಂದು ಹಳ್ಳಿಯಲ್ಲಿ ಚುನಾವಣಾ ಡ್ಯೂಟಿ. ಬೆಳಿಗ್ಗೆ ಏಳಕ್ಕೆ ಸಾಲು ಹತ್ತಿತ್ತು. ಹೊರಗೆ ನಿಂತವರು ಹೊಲ, ಮಳೆ, ಮಗಳ ಬಾಣಂತನ ಎಲ್ಲವನ್ನೂ ಕನ್ನಡದಲ್ಲಿ ಮಾತಾಡುತ್ತಿದ್ದರು. ಬಾಗಿಲು ದಾಟಿ ಒಳಗೆ ಬಂದೊಡನೆ ಹೆಸರು, ಊರು ಎಲ್ಲ ತೆಲುಗು. ನಾವೂ ತೆಲುಗಿನಲ್ಲೇ ಕೇಳುತ್ತಿದ್ದೆವು, ತೆಲುಗಿನಲ್ಲೇ ಕೈ ಚಾಚಿ ಎನ್ನುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಬಂದ ಅಜ್ಜಿಯೊಬ್ಬಳು ಬೆರಳಿಗೆ ಶಾಯಿ ಹಾಕಿಸಿಕೊಳ್ಳುತ್ತಾ ನಮ್ಮ ಮುಖವನ್ನೇ ನೋಡಿದಳು.

“ಯವ್ವಾ, ನೀನು ಕನ್ನಡದಾಕಿ ಅಲ್ಲೇನು? ಮತ್ಯಾಕವ್ವ ನನ್ನ ಹತ್ರ ತೆಲುಗು ಮಾತಾಡ್ತಿ?”

ಹಿಂದಿನವರು ಕಾಯುತ್ತಿದ್ದರು. “ಮುಂದಕ್ಕೆ ನಡೀಯಜ್ಜಿ” ಎಂದೆವು. ಅಷ್ಟು ಮಾತ್ರ ಕನ್ನಡದಲ್ಲಿ ಬಂತು.